ಆಟಕ್ಕುಂಟು, ಲೆಕ್ಕಕ್ಕಿಲ್ಲ

ಸಿಂಗಾಪುರ ಅಂದ ಕೂಡಲೇ ನಮ್ಮವರಿಗೆ ನೆನಪಾಗೋದು ಚ್ಯೂಯಿಂಗ್ ಗಮ್. ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕೇಳೇ ಕೇಳ್ತಾರೆ, "ಅಲ್ಲಿ ಗಮ್ ತಿಂದ್ರೆ ಜೈಲಂತೆ, ಹೌದಾ?" ಅಂತ. ಜೈಲೇನೂ ಇಲ್ಲ ಮಾರಾಯ್ರೆ, ಮಾಮೂಲಿ ಗಮ್ಮನ್ನ ಅಂಗಡಿಯಲ್ಲಿ ಮಾರೋ ಹಾಗಿಲ್ಲ ಅಷ್ಟೇ. ಆದರೆ ಅದಕ್ಕಿಂತ ವಿಚಿತ್ರವಾದ ಇನ್ನೊಂದು ನಿಷೇಧ ಇಲ್ಲಿ ಬಹಳ ವರ್ಷ ಇತ್ತು. ಅದರ ಬಗ್ಗೆ ಯಾರೂ ಕೇಳಲ್ಲ. ಅದು ಬೆಕ್ಕಿನ ನಿಷೇಧ!

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಈ ದೇಶದ ಮುಕ್ಕಾಲು ಪಾಲಿಗೂ ಹೆಚ್ಚು ಜನ ಇರೋದು ಸರ್ಕಾರ ಕಟ್ಟಿಸಿದ ಬಹುಮಹಡಿ ಫ್ಲಾಟುಗಳಲ್ಲಿ. ಎಚ್‌ಡಿಬಿ ಫ್ಲಾಟು ಅಂತಾರೆ. ನಮ್ಮ ಬಿಡಿಎ ಕ್ವಾರ್ಟರ್ಸನ್ನ ಇಡೀ ದೇಶಕ್ಕೆ ಹರಡಿ, ಲಿಫ್ಟು ಕೆಡದ ಹಾಗೆ ನೋಡಿಕೊಂಡರೆ ಹೇಗಿರತ್ತೋ ಹಾಗೆ ಅಂದ್ಕೊಳ್ಳಿ :-) ಈ ಫ್ಲಾಟುಗಳಲ್ಲಿ ಏನನ್ನ ಸಾಕಬಹುದು, ಏನನ್ನ ಸಾಕಬಾರದು ಅನ್ನೋದಕ್ಕೆ ನಿಯಮ ಇದೆ. ನಾಯಿಯಾದರೆ ಮನೆಗೆ ಒಂದು, ಅದೂ ಪಟ್ಟಿಯಲ್ಲಿರೋ ಸಣ್ಣ ಜಾತಿಯದ್ದು. ಬೆಕ್ಕು? 1989ರಿಂದ ಒಂದೂ ಇಲ್ಲ. ಕಾರಣವನ್ನೂ ಕೊಟ್ಟಿದ್ದರು. ಬೆಕ್ಕನ್ನ ಮನೆಯೊಳಗೇ ಹಿಡಿದಿಡೋದು ಕಷ್ಟ, ಕಾರಿಡಾರಲ್ಲಿ ಓಡಾಡಿ ಕೂದಲು ಉದುರಿಸತ್ತೆ, ಕಂಡಲ್ಲಿ ಗಲೀಜು ಮಾಡತ್ತೆ, ರಾತ್ರಿ ಕೂಗತ್ತೆ, ಅಕ್ಕಪಕ್ಕದವರಿಗೆ ತೊಂದರೆ ಅಂತ. ಓದಿದರೆ ಅಷ್ಟೇನೂ ತಪ್ಪಿಲ್ಲ ಅನ್ನಿಸತ್ತೆ. ಮಲೆನಾಡಿನ ಕಡೆ ಬೆಳೆದ ನನಗೆ ಬೆಕ್ಕಿನ ಸ್ವಭಾವ ಗೊತ್ತು. ನಮ್ಮನೇಲಿ ಬೆಕ್ಕನ್ನ ನಾವು ಸಾಕಿರಲಿಲ್ಲ, ಬೆಕ್ಕೇ ನಮ್ಮನ್ನ ಇಟ್ಕೊಂಡಿತ್ತು!

ಸರಿ, ನಿಷೇಧ ಆಯ್ತು. ಬೆಕ್ಕು ಇಲ್ಲದ ಹಾಗಾಯ್ತಾ? ಎಲ್ಲಿಂದ! ಎಲ್ಲರೂ ಸಾಕ್ತಾನೇ ಇದ್ದರು. ಬೆಕ್ಕಿನ ಆಹಾರ ಸೂಪರ್‌ಮಾರ್ಕೆಟ್ಟಿನಲ್ಲಿ ರಾಜಾರೋಷವಾಗಿ ಮಾರಾಟ ಆಗ್ತಾ ಇತ್ತು. ಬೆಕ್ಕಿಗೆ ಚಿಕಿತ್ಸೆ ಕೊಡೋ ಡಾಕ್ಟರುಗಳಿದ್ದರು. ಎಲ್ಲರಿಗೂ ಎಲ್ಲವೂ ಗೊತ್ತು, ಆದರೆ ಯಾರೂ ಏನೂ ಹೇಳಲ್ಲ, ಅಕ್ಕಪಕ್ಕದವರು ದೂರು ಕೊಡೋವರೆಗೆ. ನಮ್ಮ ಬ್ಲಾಕಿನಲ್ಲಿ ಒಬ್ಬ ವಯಸ್ಸಾದ ಆಂಟಿ ಇದ್ದಾರೆ. ಹಳೇ ಕಾಲದಲ್ಲಿ ಅವರ ಕಿಟಕಿಯ ಹಿಂದೆ ಕೇಸರಿ ಬಣ್ಣದ ಬಾಲವೊಂದು ಆಡೋದು ಕೆಳಗಿನಿಂದಲೇ ಕಾಣಿಸ್ತಾ ಇತ್ತು. ಲಿಫ್ಟಿನಲ್ಲಿ ಸಿಕ್ಕಾಗ "ನಿಮ್ಮ ಬೆಕ್ಕು ಚೆನ್ನಾಗಿದೆ" ಅಂದೆ. ಆಂಟಿ ಗಾಬರಿಯಾಗಿ "ಕ್ಯಾಟ್? ವೇರ್ ಗಾಟ್ ಕ್ಯಾಟ್ ಲಾ!" ಅಂದುಬಿಟ್ಟರು. ಅವರ ಕೈಯಲ್ಲಿದ್ದ ಚೀಲದಿಂದ ಬೆಕ್ಕಿನ ಮರಳಿನ ಪ್ಯಾಕೆಟ್ಟು ಇಣುಕ್ತಾ ಇತ್ತು.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯತ್ತೆ ಅಂತ ಗಾದೆ. ಇಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ಕುಡೀತಾ ಇತ್ತು, ಕಣ್ಣು ಮುಚ್ಚಿಕೊಂಡಿದ್ದು ಸರ್ಕಾರ.

ಇದನ್ನ ತಮಾಷೆ ಅಂತ ನಕ್ಕು ಬಿಟ್ಟುಬಿಡಬಹುದು. ಆದರೆ ಆ ಬೆಕ್ಕಿನ ಕಡೆಯಿಂದ ಸ್ವಲ್ಪ ಯೋಚನೆ ಮಾಡಿ. ಕಿಟಕಿಗೆ ಜಾಲರಿ ಹಾಕಿಸಿದರೆ ಬೆಕ್ಕು ಇದೆ ಅಂತ ಊರಿಗೆಲ್ಲ ಸಾರಿದ ಹಾಗೆ, ಅದಕ್ಕೇ ಕೆಲವರು ಹಾಕಿಸಲ್ಲ. ಹತ್ತನೇ ಮಹಡಿಯ ಕಿಟಕಿ ಬೆಕ್ಕಿಗೆ ಅಪಾಯ ಅಂತ ಬೇರೆ ಹೇಳಬೇಕಾ? ಬೆಕ್ಕು ಕಳೆದುಹೋದರೆ ಪೋಸ್ಟರ್ ಅಂಟಿಸೋಕೆ ಭಯ. ಪಕ್ಕದ ಮನೆಯವರ ಜೊತೆ ಮನಸ್ತಾಪ ಆಯ್ತೋ, ಅವರ ಕೈಯಲ್ಲೊಂದು ಅಸ್ತ್ರ ಸಿಕ್ಕ ಹಾಗೆ. ಒಂದು ಫೋನ್ ಕಾಲು ಮಾಡಿದರೆ ಸಾಕು, ಬೆಕ್ಕನ್ನ ಮನೆಯಿಂದ ಹೊರಗೆ ಕಳಿಸಬೇಕು. ಎಲ್ಲಿಗೆ? ಯಾರನ್ನ ಕೇಳಬೇಕು? ಅಕ್ರಮವಾಗಿ ಇರೋ ಪ್ರಾಣಿಗೆ ನ್ಯಾಯ ಕೇಳೋಕೆ ಜಾಗಾನೇ ಇರಲ್ಲ.

ಈ ಪರಿಸ್ಥಿತಿ ಬದಲಾಗೋಕೆ ಹೆಚ್ಚೂಕಮ್ಮಿ 35 ವರ್ಷ ಬೇಕಾಯ್ತು. 2012ರಲ್ಲಿ ಚಾಂಗ್ ಪಾಂಗ್ ಅನ್ನೋ ಬಡಾವಣೆಯಲ್ಲಿ ಪ್ರಯೋಗ ಅಂತ ಬೆಕ್ಕಿಗೆ ಅನುಮತಿ ಕೊಟ್ಟರು, ಸಂತಾನಹರಣ ಮಾಡಿಸಬೇಕು, ಮನೆಯೊಳಗೇ ಇಟ್ಟುಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ. ಪ್ರಯೋಗ ನಡೀತು, ಆಕಾಶ ಏನೂ ಕಳಚಿ ಬೀಳಲಿಲ್ಲ. ಆಮೇಲೆ 2022ರಲ್ಲಿ ಜನರ ಅಭಿಪ್ರಾಯ ಕೇಳಿದರು. ಕೊನೆಗೆ 2024ರ ಸೆಪ್ಟೆಂಬರ್ 1ರಿಂದ ಎಚ್‌ಡಿಬಿ ಫ್ಲಾಟಿನಲ್ಲಿ ಎರಡು ಬೆಕ್ಕುಗಳವರೆಗೆ ಸಾಕಬಹುದು ಅಂತ ಆಯ್ತು. ಜೊತೆಗೆ ಜವಾಬ್ದಾರಿಗಳೂ ಬಂದವು. ಮೈಕ್ರೋಚಿಪ್ ಹಾಕಿಸಬೇಕು, ಲೈಸೆನ್ಸ್ ತೊಗೋಬೇಕು, ಮೊದಲ ಸಲ ಲೈಸೆನ್ಸ್ ತೊಗೊಳ್ಳೋರು ಆನ್‌ಲೈನಿನಲ್ಲಿ ಒಂದು ಸಣ್ಣ ಪಾಠ ಮುಗಿಸಬೇಕು. ಆಗಲೇ ಬೆಕ್ಕು ಇದ್ದವರಿಗೆ 2026ರ ಆಗಸ್ಟ್ 31ರವರೆಗೆ ಗಡುವು ಕೊಟ್ಟರು. ಎರಡಕ್ಕಿಂತ ಹೆಚ್ಚು ಇದ್ದರೂ ಆ ಗಡುವಿನೊಳಗೆ ಬರೆಸಿದರೆ ಇಟ್ಟುಕೊಳ್ಳಬಹುದು. ಬಡ ಕುಟುಂಬಗಳ ಬೆಕ್ಕಿಗೆ ಪುಕ್ಕಟೆ ಸಂತಾನಹರಣ ಚಿಕಿತ್ಸೆ. ಗಡುವಿನ ನಂತರ ಲೈಸೆನ್ಸ್ ಇಲ್ಲದೆ ಸಾಕಿದರೆ 5,000 ಸಿಂಗಾಪುರ ಡಾಲರ್‌ವರೆಗೆ ದಂಡ.

ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಇಲಿಗಳು ಎಷ್ಟೋ ಕಾಲದಿಂದ ಮೀಟಿಂಗ್ ಮಾಡ್ತಾ ಇದ್ದವಲ್ಲ, ಕೊನೆಗೆ ಕಟ್ಟಿದ್ದು ಸಿಂಗಾಪುರ ಸರ್ಕಾರ!

ಈ ಮೈಕ್ರೋಚಿಪ್ ಬಗ್ಗೆ ಒಂದು ಮಾತು ಹೇಳಬೇಕು. ಚಿಪ್ ಅಂದರೆ ಜಿಪಿಎಸ್, ಬೆಕ್ಕು ಎಲ್ಲಿ ಹೋಯ್ತು ಅಂತ ಮೊಬೈಲಿನಲ್ಲಿ ನೋಡಬಹುದು ಅಂತ ಎಷ್ಟೋ ಜನ ತಿಳ್ಕೊಂಡಿದ್ದಾರೆ. ಇಲ್ಲ. ಅದು ಅಕ್ಕಿಕಾಳಿನಷ್ಟು ಪುಟ್ಟದು, ಬ್ಯಾಟರಿಯೂ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ 15 ಅಂಕಿಯ ಒಂದು ನಂಬರ್ ಹೇಳತ್ತೆ, ಅಷ್ಟೇ ಅದರ ಕೆಲಸ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳೋದಾದರೆ ಬರೀ ಪ್ರೈಮರಿ ಕೀ. ಆ ನಂಬರಿನ ಮುಂದೆ ಯಜಮಾನನ ಹೆಸರು, ವಿಳಾಸ, ಫೋನು ಸರಿಯಾಗಿದ್ದರೆ ಮಾತ್ರ ಬೆಲೆ. ಮನೆ ಬದಲಾಯಿಸಿ ವಿಳಾಸ ಬದಲಾಯಿಸದೇ ಇದ್ದರೆ ಚಿಪ್ ಇದ್ದೂ ಇಲ್ಲದ ಹಾಗೇ. ಹಾಗಾಗಿ ದೊಡ್ಡ ಬದಲಾವಣೆ ಆಗಿದ್ದು ಚಿಪ್ಪಿನಿಂದ ಅಲ್ಲ. ಆಂಟಿಯ ಬೆಕ್ಕು ಒಂದು ಪಟ್ಟಿಯಲ್ಲಿ ಸೇರಿತಲ್ಲ, "ಇಂಥವರ ಮನೇಲಿ ಇಂಥದ್ದೊಂದು ಜೀವ ಇದೆ, ಅದಕ್ಕೆ ಇವರು ಜವಾಬ್ದಾರರು" ಅಂತ ಬರೆದಾಯ್ತಲ್ಲ, ಅದರಿಂದ.

ನಾನು ಹೇಳಬೇಕು ಅಂತಿರೋದೂ ಇದೇ. ನಗರದಲ್ಲಿ ಸಾಕುಪ್ರಾಣಿ ಅನ್ನೋ ವಿಷಯದ ಮೇಲೆ ಪ್ರಪಂಚದಲ್ಲಿ ಬೇಕಾದಷ್ಟು ಸಂಶೋಧನೆ ನಡೀತಿದೆ, ಸಮ್ಮೇಳನಗಳು ಆಗ್ತಾ ಇವೆ. ಒಳ್ಳೇದೇ. ಆದರೆ ಅದರಲ್ಲಿ ಬಹಳಷ್ಟು ಲೆಕ್ಕಕ್ಕೆ ಸಿಕ್ಕ ಪ್ರಾಣಿಗಳ ಬಗ್ಗೆ, ಅದೂ ಅವುಗಳಿಂದ ಮನುಷ್ಯರಿಗೆ ಏನು ಲಾಭ ಅನ್ನೋದರ ಬಗ್ಗೆ. ಲೆಕ್ಕಕ್ಕೇ ಸಿಗದ ಪ್ರಾಣಿಯ ಕಥೆ ಯಾರಿಗೂ ಬೇಡ.

ಒಂದು ಹಳೇ ಉದಾಹರಣೆ ಕೊಡ್ತೀನಿ, ಇದು ನಮ್ಮ ಆಂಟಿಯ ಕಿಟಕಿಗೇ ಸಂಬಂಧಿಸಿದ್ದು. 1987ರಲ್ಲಿ ನ್ಯೂಯಾರ್ಕಿನ ಇಬ್ಬರು ಪಶುವೈದ್ಯರು ಮಹಡಿಗಳಿಂದ ಬಿದ್ದ ಬೆಕ್ಕುಗಳ ಬಗ್ಗೆ ಒಂದು ಪ್ರಬಂಧ ಬರೆದರು. ಐದು ತಿಂಗಳಲ್ಲಿ ಅವರ ಆಸ್ಪತ್ರೆಗೆ ಬಂದ 132 ಬೆಕ್ಕುಗಳನ್ನ ನೋಡಿದರೆ 90%ರಷ್ಟು ಬದುಕಿದ್ದವು! ಪತ್ರಿಕೆಗಳಿಗೆ ಹಬ್ಬ. "ಬೆಕ್ಕಿಗೆ ಒಂಬತ್ತು ಜೀವ ಅಂತ ವಿಜ್ಞಾನವೇ ಹೇಳಿದೆ" ಅನ್ನೋ ಧಾಟಿಯಲ್ಲಿ ಈಗಲೂ ಈ ಅಂಕಿ ಇಂಟರ್‌ನೆಟ್ಟಿನಲ್ಲಿ ಸುತ್ತುತ್ತಾ ಇದೆ. ಆದರೆ ಆಮೇಲೆ ಯಾರೋ ಒಂದು ಸರಳ ಪ್ರಶ್ನೆ ಕೇಳಿದರು. ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನ ಯಾರಾದರೂ ಆಸ್ಪತ್ರೆಗೆ ತೊಗೊಂಡು ಹೋಗ್ತಾರಾ? ಇಲ್ಲ ತಾನೇ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇದ್ದಿದ್ದು ಆಸ್ಪತ್ರೆವರೆಗೆ ತಲುಪಿದ ಬೆಕ್ಕುಗಳು ಮಾತ್ರ. ಸರ್ವರ್ ಲಾಗ್ ನೋಡಿ "ಬಂದ ರಿಕ್ವೆಸ್ಟುಗಳಲ್ಲಿ ಒಂದೂ ಕಳೆದುಹೋಗಿಲ್ಲ" ಅಂತ ರಿಪೋರ್ಟ್ ಕೊಟ್ಟ ಹಾಗೆ ಆಯ್ತು. ಸರ್ವರಿಗೆ ಬಂದೇ ಇಲ್ಲದ್ದು ಲಾಗಿನಲ್ಲಿ ಹೇಗೆ ಇರತ್ತೆ ಸ್ವಾಮಿ?

ಇನ್ನೊಂದು ಇನ್ನೂ ಪ್ರಸಿದ್ಧ ಅಧ್ಯಯನ ಇದೆ. 1980ರಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಹೃದಯದ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ 92 ರೋಗಿಗಳನ್ನ ಒಂದು ವರ್ಷ ಗಮನಿಸಿದರು. ಸಾಕುಪ್ರಾಣಿ ಇದ್ದ 53 ಜನರಲ್ಲಿ ತೀರಿಕೊಂಡವರು 3. ಇಲ್ಲದ 39 ಜನರಲ್ಲಿ ತೀರಿಕೊಂಡವರು 11. ಮನೇಲಿ ನಾಯಿ ಇದ್ದರೆ ಆಯಸ್ಸು ಗಟ್ಟಿ ಅನ್ನೋ ಮಾತಿಗೆ ಬುನಾದಿ ಬಿದ್ದಿದ್ದೇ ಇಲ್ಲಿ. ಸರಿ, 30 ವರ್ಷ ಆದ ಮೇಲೆ, 2010ರಲ್ಲಿ, ಸಿಡ್ನಿಯ ಸಂಶೋಧಕರು 424 ಹೃದ್ರೋಗಿಗಳನ್ನ ಹೀಗೇ ಗಮನಿಸಿದರು. ಬಂದ ಉತ್ತರ ಉಲ್ಟಾ. ಪ್ರಾಣಿ ಇದ್ದವರೇ, ಅದರಲ್ಲೂ ಬೆಕ್ಕು ಇದ್ದವರೇ, ಹೆಚ್ಚಾಗಿ ಮತ್ತೆ ಆಸ್ಪತ್ರೆ ಸೇರಿದ್ದರು ಅಥವಾ ತೀರಿಕೊಂಡಿದ್ದರು! ಹಾಗಂತ ಬೆಕ್ಕು ಹಾರ್ಟ್ ಅಟ್ಯಾಕ್ ತರಿಸತ್ತೆ ಅಂತಲೂ ಅಲ್ಲ. 92 ಜನ, 424 ಜನ, ಇಷ್ಟರಲ್ಲಿ ಯಾರು ಯಾಕೆ ಪ್ರಾಣಿ ಸಾಕ್ತಾರೆ ಅನ್ನೋದೇ ಸಾವಿರ ಕಾರಣಗಳ ಗೋಜಲು. ಆರೋಗ್ಯವಾಗಿ ಓಡಾಡೋರೇ ನಾಯಿ ಸಾಕ್ತಾರೋ, ನಾಯಿ ಸಾಕಿದ್ದಕ್ಕೆ ಓಡಾಡ್ತಾರೋ? ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ ಬಹಳ ಜಾಣತನದಿಂದ ಒಂದು ಮಾತು ಹೇಳಿತು. ನಾಯಿ ಸಾಕೋದರಿಂದ ಹೃದಯಕ್ಕೆ ಒಳ್ಳೇದಾಗಬಹುದು, ಆದರೆ ಹೃದಯಕ್ಕೆ ಒಳ್ಳೇದಾಗಲಿ ಅನ್ನೋ ಒಂದೇ ಕಾರಣಕ್ಕೆ ನಾಯಿ ತರಬೇಡಿ ಅಂತ. ಈ ಎರಡನೇ ವಾಕ್ಯ ಮಾತ್ರ ಯಾವ ಜಾಹೀರಾತಿನಲ್ಲೂ ನನಗೆ ಕಂಡಿಲ್ಲ.

ಜಾಹೀರಾತು ಅಂದಿದ್ದು ಸುಮ್ಮನೆ ಅಲ್ಲ. ಈ ಕ್ಷೇತ್ರದ ಸಂಶೋಧನೆಗೆ ದುಡ್ಡು ಹಾಕೋರಲ್ಲಿ ಪ್ರಾಣಿಗಳ ಆಹಾರ, ಔಷಧಿ, ಸಾಮಾನು ಮಾರೋ ಕಂಪನಿಗಳು ದೊಡ್ಡ ಪಾಲು. ಪೆಡಿಗ್ರೀ, ವಿಸ್ಕಸ್ ಮಾರೋ ಮಾರ್ಸ್ ಕಂಪನಿಗೆ ಇಂಗ್ಲೆಂಡಿನಲ್ಲಿ ವಾಲ್ತಮ್ ಅನ್ನೋ ತನ್ನದೇ ಸಂಶೋಧನಾ ಕೇಂದ್ರ ಇದೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯ ಜೊತೆ ಸೇರಿಯೂ ಅದು ಅಧ್ಯಯನಗಳಿಗೆ ಹಣ ಕೊಟ್ಟಿದೆ. ಅದರಿಂದ ಒಳ್ಳೇ ಕೆಲಸವೂ ಆಗಿದೆ, ಇಲ್ಲ ಅನ್ನಲ್ಲ. ಆದರೆ ಪ್ರಶ್ನೆ ಯಾರು ಕೇಳ್ತಾರೆ ಅನ್ನೋದರ ಮೇಲೆ ಉತ್ತರ ಯಾವ ಕಡೆ ಹೋಗತ್ತೆ ಅನ್ನೋದು ನಿಂತಿರತ್ತೆ. "ಪ್ರಾಣಿ ಸಾಕೋದು ಮನುಷ್ಯನಿಗೆ ಒಳ್ಳೇದಾ?" ಅನ್ನೋ ಪ್ರಶ್ನೆಗೆ ಹೌದು ಅಂತ ಉತ್ತರ ಬಂದರೆ ಡಬ್ಬಿಗಳು ಖರ್ಚಾಗತ್ತೆ. "ಈ ಊರಿನಲ್ಲಿ, ಇಷ್ಟು ಚದರಡಿಯಲ್ಲಿ, ದಿನಕ್ಕೆ ಹನ್ನೊಂದು ಗಂಟೆ ಬೀಗ ಹಾಕಿದ ಮನೆಯಲ್ಲಿ ಇರೋದು ಪ್ರಾಣಿಗೆ ಒಳ್ಳೇದಾ?" ಅನ್ನೋ ಪ್ರಶ್ನೆಗೆ ದುಡ್ಡು ಹಾಕೋಕೆ ಅಷ್ಟು ಉತ್ಸಾಹ ಇರಲ್ಲ.

ಸಮ್ಮೇಳನಗಳ ಧಾಟಿಯನ್ನೂ ನೋಡಿ. ಮನುಷ್ಯ ಮತ್ತು ಪ್ರಾಣಿಗಳ ಸಂಬಂಧದ ಬಗ್ಗೆ ಕೆಲಸ ಮಾಡೋ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟ ಒಂದಿದೆ, ಐಎಎಚ್‌ಎಐಒ ಅಂತ, 1992ರದ್ದು. (ಹೆಸರು ಉಚ್ಚಾರ ಮಾಡೋಕೆ ಪ್ರಯತ್ನಪಟ್ಟರೆ ಪಕ್ಕದ ಮನೆ ನಾಯಿ ಬೊಗಳತ್ತೆ.) ಅವರ 1995ರ ಜಿನೀವಾ ಸಮ್ಮೇಳನದ ಘೋಷಣೆ, ಪ್ರಾಣಿಯನ್ನ ಸರಿಯಾಗಿ ನೋಡಿಕೊಳ್ಳೋರಿಗೆ ಸಾಕೋ ಹಕ್ಕು ಇರಬೇಕು ಅಂತ ಸರ್ಕಾರಗಳನ್ನ ಕೇಳಿತು. 2007ರ ಟೋಕಿಯೋ ಘೋಷಣೆ ಇನ್ನೂ ಮುಂದೆ ಹೋಗಿ, ಪ್ರಾಣಿಗಳ ಒಡನಾಟದ ಪ್ರಯೋಜನ ಪಡೆಯೋದು ಮನುಷ್ಯನ ಮೂಲಭೂತ ಹಕ್ಕು ಅಂತು. ಮನೆಗಳ ನಿಯಮಗಳು ಪ್ರಾಣಿಗಳಿಗೆ ಜಾಗ ಕೊಡಬೇಕು ಅಂತಲೂ ಕೇಳಿತು. ಅದು ನಿಜಕ್ಕೂ ಬೇಕಾಗಿದ್ದ ಮಾತು. ಆದರೂ ಹಕ್ಕು ಯಾರದ್ದು ಅಂತ ಗಮನಿಸಿದ್ರಾ? ಮನುಷ್ಯನದ್ದು! ಇದಕ್ಕೆ ಹೋಲಿಸಿದರೆ ಬ್ರಿಟನ್ನಿನ 2006ರ ಪ್ರಾಣಿ ಕ್ಷೇಮ ಕಾಯ್ದೆ ನನಗೆ ಹೆಚ್ಚು ಇಷ್ಟ. ಅದು ಯಜಮಾನನ ಹಕ್ಕಿನ ಬಗ್ಗೆ ಮಾತಾಡಲ್ಲ, ಕರ್ತವ್ಯದ ಬಗ್ಗೆ ಮಾತಾಡತ್ತೆ. ಸರಿಯಾದ ಜಾಗ, ಸರಿಯಾದ ಊಟ, ಸಹಜವಾಗಿ ವರ್ತಿಸೋಕೆ ಅವಕಾಶ, ಬೇಕಾದರೆ ಜೊತೆ, ಬೇಡವಾದರೆ ಏಕಾಂತ, ನೋವು ಕಾಯಿಲೆಯಿಂದ ರಕ್ಷಣೆ. ಈ ಐದನ್ನ ಕೊಡೋದು ಸಾಕಿದವರ ಕಾನೂನುಬದ್ಧ ಹೊಣೆ.

ಪ್ರಾಣಿಯ ಕಡೆಯಿಂದ ಕೇಳಿದ ಸಂಶೋಧನೆಯೂ ಇದೆ. 1998ರಲ್ಲಿ ಅಮೆರಿಕದ 12 ಪ್ರಾಣಿ ಆಶ್ರಯಗಳಲ್ಲಿ, ನಾಯಿ ಬೆಕ್ಕು ತಂದು ಬಿಟ್ಟು ಹೋಗೋರನ್ನ "ಯಾಕೆ ಬಿಡ್ತಾ ಇದ್ದೀರಿ?" ಅಂತ ಕೂಡಿಸಿ ಕೇಳಿದರು. ಕಚ್ಚತ್ತೆ, ಗಲೀಜು ಮಾಡತ್ತೆ ಅನ್ನೋ ಕಾರಣಗಳಿದ್ದವು, ಸರಿ. ಆದರೆ ಪಟ್ಟಿಯ ಮೇಲ್ಭಾಗದಲ್ಲೇ ಇದ್ದ ಇನ್ನೆರಡು ಕಾರಣಗಳು ಯಾವುವು ಗೊತ್ತಾ? "ಮನೆ ಬದಲಾಯಿಸ್ತಾ ಇದ್ದೀವಿ" ಮತ್ತು "ಓನರ್ ಒಪ್ಪಲ್ಲ". ಅಂದರೆ ಒಂದು ಪ್ರಾಣಿಯ ಹಣೆಬರಹ ಬರೆಯೋದು ಅದನ್ನ ಎಷ್ಟು ಮುದ್ದು ಮಾಡ್ತಾರೆ ಅನ್ನೋದಷ್ಟೇ ಅಲ್ಲ, ಬಾಡಿಗೆ ಕರಾರಿನ ಮೂರನೇ ಪುಟ.

ಈಗ ಬೆಂಗಳೂರಿಗೆ ಬರೋಣ. ಬೆಂಗಳೂರೂ ಈಗ ಫ್ಲಾಟುಗಳ ಊರೇ. ಅಪಾರ್ಟ್‌ಮೆಂಟ್ ಸಂಘದ ವಾಟ್ಸಾಪ್ ಗುಂಪಿನಲ್ಲಿ ಪಾರ್ಕಿಂಗ್ ಬಿಟ್ಟರೆ ಅತಿ ಹೆಚ್ಚು ಜಗಳ ನಡೆಯೋದು ನಾಯಿ ವಿಷಯಕ್ಕೇ ಅಂತ ಅಲ್ಲಿರೋ ಸ್ನೇಹಿತರು ಹೇಳ್ತಾರೆ. ಸಂಘದವರು ಪ್ರಾಣಿಗಳನ್ನ ಪೂರ್ತಿ ನಿಷೇಧಿಸೋ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. 2021ರಲ್ಲಿ ಕೇರಳ ಹೈಕೋರ್ಟೂ ಅದೇ ಮಾತು ಹೇಳಿತು. ಆದರೆ ಬಾಡಿಗೆಗೆ ಮನೆ ಹುಡುಕೋ ಹುಡುಗ ಹುಡುಗಿಯರಿಗೆ ಮಾರ್ಗಸೂಚಿ ತೋರಿಸಿ ಓನರನ್ನ ಒಪ್ಪಿಸೋಕೆ ಆಗತ್ತಾ? "ವೆಜಿಟೇರಿಯನ್ನಾ? ಬ್ಯಾಚುಲರಾ? ನಾಯಿ ಇದ್ಯಾ?" ಈ ಮೂರು ಪ್ರಶ್ನೆ ದಾಟಬೇಕು. ಅದಕ್ಕೇ ಬೆಕ್ಕಿದ್ದವರು ಹೇಳದೇ ಸೇರ್ಕೋತಾರೆ. ಓನರ್ ಬಂದಾಗ ಬೆಕ್ಕು ಬಾತ್‌ರೂಮಿನಲ್ಲಿ. ನೋಡಿ, ನಮ್ಮ ಆಂಟಿಯ ಕಥೆಯೇ!

2018ರಲ್ಲಿ ಆಗಿನ ಬಿಬಿಎಂಪಿ ಸಾಕುನಾಯಿಗಳಿಗೆ ಒಂದು ಹೊಸ ಲೈಸೆನ್ಸ್ ನಿಯಮ ತಂದಿತು. ಫ್ಲಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು, ಫ್ಲಾಟಿನಲ್ಲಿ ಇಂಥ ಜಾತಿಗಳು ಮಾತ್ರ ಅಂತೆಲ್ಲ. ದೊಡ್ಡ ಗಲಾಟೆ ಆಗಿ ಕೈಬಿಡಬೇಕಾಯ್ತು. ನನ್ನ ಪ್ರಕಾರ ಅಲ್ಲಿ ಎಡವಟ್ಟಾಗಿದ್ದು ಲೈಸೆನ್ಸ್ ಅನ್ನೋ ಕಲ್ಪನೆಯಲ್ಲಿ ಅಲ್ಲ. ಮೊದಲು ಎಣಿಸೋದು ಬಿಟ್ಟು, ಮೊದಲೇ ಕಡಿಮೆ ಮಾಡೋಕೆ ಹೊರಟರು. ಎರಡು ನಾಯಿ ಇದ್ದವನು ಎರಡನೆಯದನ್ನ ಏನು ಮಾಡಬೇಕಿತ್ತು? ಒಂದೋ ಬಚ್ಚಿಡಬೇಕು, ಇಲ್ಲಾ ಬೀದಿಗೆ ಬಿಡಬೇಕು. ಎರಡರಿಂದಲೂ ಊರಿಗೆ ಏನು ಉಪಕಾರ?

ಬೀದಿಗೆ ಬಿಟ್ಟ ಕ್ಷಣದಿಂದ ಅದು ಬೇರೆಯವರ ತಲೆನೋವು, ನೆನಪಿರಲಿ. 2023ರ ಕೇಂದ್ರದ ಎಬಿಸಿ ನಿಯಮಗಳ ಪ್ರಕಾರ ಸಾಕುಪ್ರಾಣಿಯ ಲಸಿಕೆ, ಸಂತಾನಹರಣ ಯಜಮಾನನ ಹೊಣೆ. ಬೀದಿ ನಾಯಿಯದ್ದು ಸ್ಥಳೀಯ ಸಂಸ್ಥೆಯ ಹೊಣೆ. ನಿನ್ನೆಯವರೆಗೆ ಸೋಫಾ ಮೇಲೆ ಮಲಗ್ತಾ ಇದ್ದ ಲ್ಯಾಬ್ರಡಾರ್ ಇವತ್ತು ಹೊರವರ್ತುಲ ರಸ್ತೆಯಲ್ಲಿ ನಿಂತಿದ್ದರೆ ಅದು ಯಾವ ಪಟ್ಟಿಗೆ ಸೇರತ್ತೆ? ಕುತ್ತಿಗೆಯಲ್ಲಿ ಚಿಪ್ ಇಲ್ಲದಿದ್ದರೆ "ಇದು ನಂದಲ್ಲ" ಅನ್ನೋದು ಬಹಳ ಸುಲಭ.

ಹಾಗಂತ ನಮ್ಮೂರಿಗೆ ಎಣಿಸೋಕೆ ಬರಲ್ಲ ಅಂತೇನಿಲ್ಲ. ಬಿಬಿಎಂಪಿ 2023ರಲ್ಲಿ ಬೀದಿ ನಾಯಿಗಳ ಸಮೀಕ್ಷೆ ಮಾಡಿತ್ತು. ಸುಮಾರು 2.79 ಲಕ್ಷ. 2019ರಲ್ಲಿ ಸುಮಾರು 3.10 ಲಕ್ಷ ಇತ್ತು. ಸಂತಾನಹರಣ ಆದವುಗಳ ಪ್ರಮಾಣ ಆ ನಾಲ್ಕು ವರ್ಷದಲ್ಲಿ ಸುಮಾರು 51%ರಿಂದ ಸುಮಾರು 72%ಕ್ಕೆ ಏರಿತ್ತು. ಅಂದಾಜೇ ಇರಬಹುದು, ಆದರೆ ಆ ಸಂಖ್ಯೆ ಇರೋದರಿಂದಲೇ ಏನು ಮಾಡಿದರೆ ಏನಾಗತ್ತೆ ಅಂತ ವಾದ ಮಾಡೋಕಾದರೂ ಆಗತ್ತೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬೀದಿ ನಾಯಿಗಳನ್ನೆಲ್ಲ ಆಶ್ರಯಕ್ಕೆ ಹಾಕಿ ಅಂತ ಹೇಳಿ, ಹನ್ನೊಂದೇ ದಿನದಲ್ಲಿ ದೊಡ್ಡ ಪೀಠ ಅದನ್ನ ಬದಲಾಯಿಸಿ, ಚಿಕಿತ್ಸೆ ಲಸಿಕೆ ಆದ ಮೇಲೆ ವಾಪಸ್ ಬಿಡಿ, ರೇಬೀಸ್ ಇದ್ದವನ್ನ, ಮೈಮೇಲೆ ಬೀಳೋವನ್ನ ಮಾತ್ರ ಬಿಡಬೇಡಿ ಅಂತಲ್ಲ, ಆಗ ದೇಶವೆಲ್ಲ ಎರಡು ಪಾರ್ಟಿ ಆಯ್ತು. ನಾಯಿಪ್ರೇಮಿಗಳು ಒಂದು ಕಡೆ, ನಾಯಿ ಕಚ್ಚಿಸಿಕೊಂಡವರು ಇನ್ನೊಂದು ಕಡೆ. ಟೀವಿಯಲ್ಲಿ ಎರಡು ವಾರ ಕಿರುಚಾಟ. ಆದರೆ ಮನೆಗಳಿಂದ ಬೀದಿಗೆ ಬರೋ ನಾಯಿಗಳ ವಿಷಯ ನಾನು ನೋಡಿದ ಯಾವ ಚರ್ಚೆಯಲ್ಲೂ ಬರಲಿಲ್ಲ. ಸಾಕುನಾಯಿಗೆ ಲೈಸೆನ್ಸ್ ಅಂತ ಒಂದಿದೆ ಅನ್ನೋದೇ ನನ್ನ ಸ್ನೇಹಿತರ ಬಳಗದಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೀದಿಯದ್ದಕ್ಕೆ ಲೆಕ್ಕ ಇದೆ, ಮನೆಯದ್ದಕ್ಕೆ ಇಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇಲ್ಲಿ ನಮ್ಮಂಥವರ ವಿಷಯಾನೂ ಬರತ್ತೆ, ಪರದೇಶಿಗಳದ್ದು. ಬೆಂಗಳೂರಲ್ಲಿ ಮೊದಲ ಕೆಲಸ, ಮೊದಲ ಸಂಬಳ, ಒಂಟಿತನ. ಒಂದು ನಾಯಿಮರಿ ಬರತ್ತೆ. ಎರಡು ವರ್ಷದಲ್ಲಿ ಆನ್‌ಸೈಟ್. ವೀಸಾ ಬರೋಕೆ ಮೂರು ವಾರ ಸಾಕು, ನಾಯಿಯನ್ನ ಸಿಂಗಾಪುರಕ್ಕೆ ತರೋಕೆ ತಿಂಗಳುಗಟ್ಟಲೆ ಬೇಕು. 1953ರಿಂದ ರೇಬೀಸ್ ಇಲ್ಲದ ದೇಶ ಇದು. ಭಾರತದಿಂದ ಬರೋ ನಾಯಿಗೆ ಲಸಿಕೆ, ರಕ್ತ ಪರೀಕ್ಷೆ, ಕಾಯೋದು, ಇಲ್ಲಿ ಬಂದ ಮೇಲೆ ಕ್ವಾರಂಟೈನ್. ಅದೂ ಆ ನಾಯಿ ಫ್ಲಾಟಿನ ಪಟ್ಟಿಯಲ್ಲಿದ್ದರೆ. ಬಾಗಲಕೋಟೆ ಕಡೆಯಿಂದ ತಂದ ಮುಧೋಳ ನಾಯಿಯಾದರೆ ನಮ್ಮ ಸೈನ್ಯಕ್ಕೆ ಸೇರಬಹುದು, ಎಚ್‌ಡಿಬಿ ಫ್ಲಾಟಿಗೆ ಸೇರೋ ಹಾಗಿಲ್ಲ :-) ಕೊನೆಗೆ ನಾಯಿ ಹೋಗೋದು ಎಲ್ಲಿಗೆ? ಮೈಸೂರಿನಲ್ಲೋ ದಾವಣಗೆರೆಯಲ್ಲೋ ಇರೋ ಅಪ್ಪ ಅಮ್ಮನ ಹತ್ತಿರ. ಮಂಡಿನೋವಿನ ಅಪ್ಪ ಬೆಳಿಗ್ಗೆ ಎಳೆಸಿಕೊಂಡು ಓಡಾಡ್ತಾರೆ. ಇದು ಅದೃಷ್ಟ ಇದ್ದ ನಾಯಿಯ ಕಥೆ. ಇಲ್ಲದಿದ್ದರೆ ಫೇಸ್‌ಬುಕ್ಕಿನಲ್ಲಿ "ತುಂಬಾ ಫ್ರೆಂಡ್ಲಿ, ತುರ್ತಾಗಿ ಒಳ್ಳೆಯ ಮನೆ ಬೇಕು" ಅನ್ನೋ ಪೋಸ್ಟು. ಫ್ಲೈಟಿನ ದಿನದವರೆಗೆ ಯಾರೂ ಬರದಿದ್ದರೆ ಏನಾಯ್ತು ಅಂತ ಆ ಪೋಸ್ಟಿನಲ್ಲಿ ಯಾರೂ ಬರೆಯಲ್ಲ. ನ್ಯೂಯಾರ್ಕಿನ ಆಸ್ಪತ್ರೆಗೆ ಬಾರದ ಬೆಕ್ಕುಗಳ ಹಾಗೆ ಇವೂ ಯಾವ ಅಧ್ಯಯನಕ್ಕೂ ಸಿಗಲ್ಲ.

ಲೈಸೆನ್ಸ್ ಅಂದ ತಕ್ಷಣ ನಮ್ಮವರು ಹೇಳೋ ಮಾತು ಗೊತ್ತು. "ಇನ್ನೊಂದು ಲಂಚದ ಕಿಟಕಿ ತೆಗೆದ ಹಾಗೆ ಕಣಯ್ಯ" ಅಂತ. ಭಯ ನ್ಯಾಯವಾದದ್ದೇ. ಅದಕ್ಕೇ ಸಿಂಗಾಪುರದವರು ಮಾಡಿದ್ದರಲ್ಲಿ ನನಗೆ ದಂಡಕ್ಕಿಂತ ಆ ಗಡುವು ಇಷ್ಟ ಆಗಿದ್ದು. ಎರಡು ವರ್ಷ ಟೈಮ್ ಕೊಟ್ಟು, ಇಷ್ಟು ದಿನ ಕದ್ದು ಸಾಕಿದವರನ್ನ ಅಪರಾಧಿ ಮಾಡದೇ, ಬನ್ನಿ ಬರೆಸಿ ಅಂದರು. ಲೆಕ್ಕಕ್ಕೆ ಮೀರಿ ಇದ್ದ ಬೆಕ್ಕನ್ನೂ ಹೊರಗೆ ಹಾಕಿ ಅನ್ನಲಿಲ್ಲ. ದುಡ್ಡಿಲ್ಲದವರ ಬೆಕ್ಕಿಗೆ ಆಪರೇಷನ್ ತಾವೇ ಮಾಡಿಸಿದರು. ಹೀಗೆ ಮಾಡಿದರೆ ಜನ ತಾವಾಗೇ ಬರ್ತಾರೆ. ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ ಮಾಡಿದರೆ ಲಂಚ ಕೇಳೋಕೆ ಕಿಟಕಿಯೇ ಇರಲ್ಲ. ಪ್ರಪಂಚದ ಅರ್ಧ ಸಾಫ್ಟ್‌ವೇರು ಬರೆಯೋ ಊರಿಗೆ ಇದೇನು ಮಹಾ?

ಇನ್ನೊಂದು ಕಡೆಯವರ ಮಾತೂ ಇದೆ. ನಾಯಿ ಕಂಡರೆ ಹೆದರೋರು, ಬೆಕ್ಕಿನ ಕೂದಲಿಗೆ ಅಲರ್ಜಿ ಇರೋರು, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದಾಗ ಬೊಗಳಾಟ ಕೇಳೋರು. ಇವರನ್ನ "ಕಲ್ಲು ಹೃದಯದವರು" ಅಂತ ಬೈಯೋದು ಈಗ ಫ್ಯಾಷನ್. ನನಗೆ ಅದು ಒಪ್ಪಿಗೆ ಇಲ್ಲ. ಅವರ ದೂರಿಗೂ ಉತ್ತರ ಸಿಗೋದು ಪ್ರಾಣಿ ಯಾರದ್ದು ಅಂತ ಗೊತ್ತಿದ್ದಾಗಲೇ. ಕದ್ದು ಸಾಕಿದ ನಾಯಿ ಕಚ್ಚಿದರೆ ಲಸಿಕೆ ಆಗಿದೆಯಾ ಅಂತ ಯಾರನ್ನ ಕೇಳ್ತೀರಿ? ನಿಷೇಧ ಪಕ್ಕದ ಮನೆಯವರಿಗೆ ಕಾಣೋಕೆ ರಕ್ಷಣೆ ಥರ ಕಾಣತ್ತೆ, ಆದರೆ ಹೊಣೆ ಹೊರಬೇಕಾದವನನ್ನ ಮರೆ ಮಾಡತ್ತೆ.

ಹಾಗಾಗಿ ದೊಡ್ಡ ದೊಡ್ಡ ಸಮ್ಮೇಳನಗಳು ಆಗಲಿ, ನಾಯಿ ನೋಡಿದರೆ ಮನುಷ್ಯನ ಬಿಪಿ ಎಷ್ಟು ಇಳಿಯತ್ತೆ ಅಂತ ಅಳೆಯಲಿ, ನನಗೇನೂ ತಕರಾರಿಲ್ಲ. ಆದರೆ ನಮ್ಮ ಕೈಯಲ್ಲೇ ಆಗೋ ಕೆಲವು ಕೆಲಸ ಇದೆ. ಊರಲ್ಲಿ ನಾಯಿ ಬೆಕ್ಕು ಇದ್ದರೆ ಈ ಸಲ ರಜೆಗೆ ಹೋದಾಗ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ ಚಿಪ್ ಹಾಕಿಸಿ, ಅಪ್ಪನ ಫೋನ್ ನಂಬರಿನ ಜೊತೆ ನಿಮ್ಮದನ್ನೂ ಬರೆಸಿ. ಬೆಂಗಳೂರಲ್ಲಿ ಫ್ಲಾಟು ಬಾಡಿಗೆಗೆ ಕೊಟ್ಟಿದ್ದೀರಾ? (ಕೊಟ್ಟಿರ್ತೀರಿ ಬಿಡಿ, ಗೊತ್ತು.) ಕರಾರಿನಲ್ಲಿ "ಪ್ರಾಣಿಗಳಿಗೆ ಪ್ರವೇಶವಿಲ್ಲ" ಅನ್ನೋ ಸಾಲು ಇದೆಯಾ ನೋಡಿ. ಇದ್ದರೆ ಅದನ್ನ ಹೊಡೆದು ಹಾಕಿ, "ಪ್ರಾಣಿ ಇದ್ದರೆ ತಿಳಿಸಬೇಕು, ಲಸಿಕೆಯ ದಾಖಲೆ ಕೊಡಬೇಕು, ಹಾಳಾದರೆ ರಿಪೇರಿ ಮಾಡಿಸಬೇಕು" ಅಂತ ಬರೆಸಿ. ಬಾಡಿಗೆಗೆ ಬರೋರು ನಿಜ ಹೇಳ್ತಾರೆ, ನಿಮಗೂ ಮನೇಲಿ ಏನಿದೆ ಅಂತ ಗೊತ್ತಿರತ್ತೆ. ಇನ್ನು ಮುಂದಿನ ವರ್ಷ ಆನ್‌ಸೈಟ್ ಹೋಗೋ ಆಸೆ ಇಟ್ಟುಕೊಂಡು ಈಗ ಮರಿ ತರೋಕೆ ಹೊರಟಿರೋ ತಮ್ಮ ತಂಗಿಯರೇ, ದಯವಿಟ್ಟು ಬೇಡ. ಒಂಟಿತನಕ್ಕೆ ಔಷಧಿ ಬೇಕಾದರೆ ಭಾನುವಾರ ಹತ್ತಿರದ ಪ್ರಾಣಿ ಆಶ್ರಯಕ್ಕೆ ಹೋಗಿ ಅಲ್ಲಿರೋ ನಾಯಿಗಳನ್ನ ವಾಕಿಂಗ್ ಕರ್ಕೊಂಡು ಹೋಗಿ ಬನ್ನಿ. ಬಿಪಿ ಅದರಿಂದಲೂ ಇಳಿಯತ್ತೆ.